ಪೊಲಿಕ್ಸೇನಿಯ ಜಪದಲ್ಲಿ ಅರ್ಗಿರೋವಿನ ಹೆಸರು

ಪೊಲಿಕ್ಸೇನಿಯನ್ನು ಮೊದಲ ಸಲ ಕಂಡ ದಿನ ಅವಳು ಇಗರ್ಜಿಯ ಮೆಟ್ಟಿಲ ಮೇಲೆ ನಿಂತು, ಬಿಳಿ ಬಟ್ಟೆ ಸುತ್ತಿದ ತನ್ನ ರೊಟ್ಟಿಯನ್ನು ಎದೆಗವಚಿಕೊಂಡು, ಇನ್ನೊಬ್ಬಳ ರೊಟ್ಟಿಯನ್ನು ಕಣ್ಣಲ್ಲೇ ಸುಡುತ್ತಿದ್ದಳು. ಆ ಇನ್ನೊಬ್ಬಳು ಅರ್ಗಿರೋ.

ಗ್ರೀಸ್ ದೇಶದ ಎಪೈರಸ್ ಬೆಟ್ಟಗಳ ಈ ಊರಿನಲ್ಲಿ ಭಾನುವಾರದ ಬಲಿಪೂಜೆಗೆ ಹೆಂಗಸರು ಮನೆಯಲ್ಲೇ ರೊಟ್ಟಿ ಬೇಯಿಸಿ ತರುತ್ತಾರೆ. ಹಿಟ್ಟಿನ ಮೇಲೆ ಶಿಲುಬೆಯ ಮರದ ಮುದ್ರೆ ಒತ್ತಿರಬೇಕು. ಮುದ್ರೆ ಅಚ್ಚುಕಟ್ಟಾಗಿ ಮೂಡಿದ, ಬಿರುಕಿಲ್ಲದ ಒಂದನ್ನು ಪಾದ್ರಿ ಥೀಮ್ಯೋಸ್ ಬಲಿಪೀಠಕ್ಕೆ ಆರಿಸುತ್ತಿದ್ದರು; ಮಿಕ್ಕವು ಜನರಿಗೆ ಹಂಚಲು. ವರ್ಷಗಟ್ಟಲೆ ಆ ಒಂದು ಪೊಲಿಕ್ಸೇನಿಯದೇ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಲೋಕದಲ್ಲಿ ಯಾರೋ ಒಬ್ಬರು ತನ್ನದನ್ನು ಆರಿಸುತ್ತಾರಲ್ಲ ಎಂಬುದೇ ಅವಳ ಬದುಕಿನ ದೊಡ್ಡಸ್ತಿಕೆ. ಪಕ್ಕದೂರಿನಿಂದ ಸೊಸೆಯಾಗಿ ಬಂದ ಅರ್ಗಿರೋ ರೊಟ್ಟಿ ತರತೊಡಗಿದ ಮೇಲೆ ಅದೂ ಕೈತಪ್ಪಿತು.

"ಹಿಟ್ಟು ನಾದುವಾಗ ಜಪ ಮಾಡ್ತೀಯಲ್ಲ?" ಎಂದು, ಪಾಪನಿವೇದನೆಯ ಹೊತ್ತಿನಲ್ಲಿ ಅವಳು ತನ್ನ ಹೊಟ್ಟೆಕಿಚ್ಚು ಒಪ್ಪಿಕೊಂಡಾಗ, ಥೀಮ್ಯೋಸ್ ಕೇಳಿದರು.

"ಬಿಡದೆ ಮಾಡ್ತೀನಿ ಗುರುಗಳೇ. 'ಯೇಸು ಸ್ವಾಮೀ, ನನ್ನ ಮೇಲೆ ದಯೆಯಿಡು' ಅಂತ."

"ಇನ್ಮೇಲೆ 'ಅರ್ಗಿರೋ ಮೇಲೆ ದಯೆಯಿಡು' ಅನ್ನು. ಅಂದು ಸುಮ್ಮನಿದ್ದುಬಿಡು."

ಮುಂದಿನ ವಾರ ಬಂದು ಒಪ್ಪಿಸಿದಳು: "ಅಂದೆ. ಅವಳ ಮೇಲೆ ದಯೆಯಿಡು, ಸೊಕ್ಕು ಇಳಿಸು, ರೊಟ್ಟಿ ನಡುಮಧ್ಯೆ ಬಿರಿಯೋ ಹಾಗೆ ಮಾಡು ಅಂದೆ."

ಥೀಮ್ಯೋಸರ ಗಡ್ಡ ಅಲುಗಾಡುವಷ್ಟು ನಗು. "ಇದು ಜಪ ಅಲ್ಲ ತಾಯಿ, ಚಾಡಿ! ಹೆಸರು, ದಯೆ, ಅಷ್ಟೇ. ದೇವರಿಗೇ ಕೆಲಸ ಹೇಳಿಕೊಡೋಕೆ ಹೋಗಬೇಡ."

ಅಷ್ಟೇ ಎಂಬುದು ಅವಳಿಗೆ ಬೆಟ್ಟ ಅಗೆದಷ್ಟು ಕಷ್ಟವಾಯಿತು. ಹೆಸರು ಹೇಳಿ ಮೌನವಾದರೆ ಸಾಕು, ಆ ಮೌನದೊಳಗೆ ಅರ್ಗಿರೋವಿನ ರೊಟ್ಟಿ ಉಬ್ಬಿ ಉಬ್ಬಿ ಚಂದ್ರನಂತೆ ಮೇಲೇಳುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಅರ್ಗಿರೋ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. "ಅಕ್ಕಾ, ನಿಮ್ಮ ಮುದ್ರೆ ಒಂದು ಗಳಿಗೆ ಕೊಡ್ತೀರಾ? ನಮ್ಮ ಮಾವ ನಂದನ್ನ ಸೌದೆ ಅಂತ ಒಲೆಗೆ ಹಾಕಿಬಿಟ್ರು."

ಪೊಲಿಕ್ಸೇನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಅಯ್ಯೋ ಪಾಪ! ನಂದು ಈಗ ತಾನೇ ತೊಳೆದಿಟ್ಟಿದ್ದೀನಿ ಕಣೇ. ಒದ್ದೆ ಮುದ್ರೆಗೆ ಹಿಟ್ಟು ಅಂಟುತ್ತೆ."

ಮುದ್ರೆ ಅವಳ ಬೆನ್ನ ಹಿಂದೆ ಮೇಜಿನ ಮೇಲೆ ಒಣಗಿಯೇ ಇತ್ತು. ಅರ್ಗಿರೋ ಅದನ್ನು ನೋಡಿದಳು. ತಿರುಗಿ ಹೊರಟುಹೋದಳು.

ಪೊಲಿಕ್ಸೇನಿ ಮತ್ತೆ ನಾದಲು ನಿಂತಳು. ನಾಳೆ ಬಲಿಪೀಠ ತನ್ನದೇ. "ಯೇಸು ಸ್ವಾಮೀ, ಅರ್ಗಿರೋ..." ಮುಂದಿನ ಮಾತು ಬರಲಿಲ್ಲ. ಇನ್ನೊಂದು ಸಲ ಅಂದಳು. ಜಪ ಮತ್ತೆ ಆ ಹೆಸರಿನಲ್ಲೇ ನಿಂತಿತು. ಕೈಯಾರೆ ಬಾಗಿಲಿಂದ ಅಟ್ಟಿದವಳ ಮೇಲೆ ದಯೆಯಿಡೆಂದು ಯಾವ ಬಾಯಲ್ಲಿ ಕೇಳುವುದು? ಮೌನದೊಳಗೆ ಈ ಸಲ ರೊಟ್ಟಿ ಕಾಣಲಿಲ್ಲ. ತಿರುಗಿ ಹೊರಟ ಒಂದು ಬೆನ್ನು ಕಂಡಿತು. ಹಿಟ್ಟನ್ನು ಹಾಗೇ ಮುಚ್ಚಿಟ್ಟು, ಮುದ್ರೆಯನ್ನು ಸೆರಗಿನಂಥ ತನ್ನ ಕಪ್ಪು ಶಾಲಿನಲ್ಲಿ ಸುತ್ತಿಕೊಂಡು ಹೊರಬಿದ್ದಳು.

ಅರ್ಗಿರೋವಿನ ಮನೆಯಲ್ಲಿ ಮಾವ ಹಾಸಿಗೆಯಿಂದ ಕೂಗುತ್ತಿದ್ದ. ಮುಪ್ಪಿನಿಂದ ಬುದ್ಧಿ ಮಸುಕಾಗಿತ್ತು. ಅವಳು ಒಂದು ಕೈಯಲ್ಲಿ ಅವನಿಗೆ ಕಾಳಿನ ಸಾರು ಕುಡಿಸುತ್ತ, ಹಿಟ್ಟು ಮೆತ್ತಿದ ಇನ್ನೊಂದು ಕೈಯನ್ನು ಮೇಲೆತ್ತಿ ಹಿಡಿದಿದ್ದಳು.

"ಒಣಗಿತಾ ಅಕ್ಕಾ, ಇಷ್ಟು ಬೇಗ?"

"ಸುಳ್ಳು ಹೇಳಿದ್ದೆ ಕಣೇ. ತಗೋ."

"ಗೊತ್ತಿತ್ತು ಬಿಡಿ. ನಂಗೂ ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು."

"ನನ್ನ ಕಂಡ್ರಾ? ಯಾತಕ್ಕೆ?"

"ಬಾಗಿಲು ಹಾಕ್ಕೊಂಡು ಸುಮ್ಮನೆ ಕೂತು ಜಪ ಮಾಡ್ತೀರಲ್ಲ. ನಾನು ಈ ಮನೆಗೆ ಬಂದಾಗಿನಿಂದ ಒಂದು ಜಪನ ಕೊನೆ ಮುಟ್ಟಿಸಿಲ್ಲ."

ಪೊಲಿಕ್ಸೇನಿ ಅವಳ ಕೈಯಿಂದ ಚಮಚ ಇಸಿದುಕೊಂಡು ಮುದುಕನ ಪಕ್ಕ ಕುಳಿತಳು. "ನಡಿ, ನಿನ್ನ ಹಿಟ್ಟು ನೋಡ್ಕೋ." ಸಂಜೆ ಮನೆಗೆ ಹೋಗಿ ನೋಡಿದರೆ ತನ್ನ ಹಿಟ್ಟು ಉಬ್ಬಿ, ಕುಸಿದು, ಹುಳಿಯಾಗಿತ್ತು. ಮರುದಿನ ಬಲಿಪೀಠದ ಮೇಲಿದ್ದದ್ದು ಅರ್ಗಿರೋವಿನ ರೊಟ್ಟಿ. ಹೊಟ್ಟೆಕಿಚ್ಚು ಆಗಲಿಲ್ಲವೆಂದಲ್ಲ, ಆಯಿತು, ಚೆನ್ನಾಗಿಯೇ ಆಯಿತು. ಆದರೂ ಜಪ ಅರ್ಗಿರೋವಿನ ಹೆಸರಿನಲ್ಲೇ ನಿಲ್ಲಲಿಲ್ಲ, 'ದಯೆಯಿಡು' ಎಂಬಲ್ಲಿವರೆಗೂ ಸಾಗಿತು.

ಈಗೀಗ ಪ್ರತಿ ಶನಿವಾರ ಪೊಲಿಕ್ಸೇನಿ ಆ ಮನೆಯಲ್ಲೇ ಇರುತ್ತಾಳೆ. ಮುದುಕನಿಗೆ ಉಣಿಸುತ್ತಾಳೆ, ಅವನು ಉಗುಳಿದರೆ ಒರೆಸಿ ಮತ್ತೆ ಉಣಿಸುತ್ತಾಳೆ. ಅವಳ ತುಟಿ ಜಪದಲ್ಲಿ ಮೆಲ್ಲಗೆ ಆಡುತ್ತಿರುತ್ತದೆ. ಅರ್ಗಿರೋ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾದುತ್ತಾಳೆ. ನಡುನಡುವೆ ಪೊಲಿಕ್ಸೇನಿಗೆ ತಡೆಯಲಾಗುವುದಿಲ್ಲ. ಕತ್ತು ಉದ್ದ ಮಾಡಿ ಕೂಗುತ್ತಾಳೆ:

"ನೀರು ಜಾಸ್ತಿ ಹಾಕಬೇಡ್ವೇ! ನಿನಗೆ ಹದ ಅನ್ನೋದೇ ಗೊತ್ತಿಲ್ಲ!"