ಅಳೆಯದೆ ಹಾಕಿದ ಸಹಿ

ನಾನು ಸೊಲ್ಲಾಪುರದಲ್ಲಿ ಒಂದು ಮೊಬೈಲ್ ಕಂಪನಿಯ ಫೀಲ್ಡ್ ಎಂಜಿನಿಯರ್. ನಾಲ್ಕು ವರ್ಷಗಳ ಹಿಂದೆ ಅಕ್ಕಲಕೋಟ ತಾಲ್ಲೂಕಿನ ಟವರುಗಳು ನನ್ನ ಸುಪರ್ದಿಯಲ್ಲಿದ್ದವು. ವಾಗದರಿ ಸಮೀಪದ ಟವರಿಗೆ ಆಗಷ್ಟೇ ಅಡಾಪ್ಟಿವ್ ಅರೇ ಆಂಟೆನಾ ಬಂದಿತ್ತು. ಅದರಲ್ಲಿ ಎಂಟು ಸಾಲು ಪುಟ್ಟ ಆಂಟೆನಾಗಳು ಒಟ್ಟಾಗಿ, ಫೋನ್ ಇರುವ ದಿಕ್ಕಿಗೇ ಸಿಗ್ನಲ್ ಕಳಿಸುತ್ತವೆ. ಅದಕ್ಕೆ ಎಂಟರ ಅಲೆಗಳೂ ಏರಿಳಿತದಲ್ಲಿ ಹೊಂದಿಕೊಂಡಿರಬೇಕು. ಆ ಏರಿಳಿತದ ಸ್ಥಿತಿಯೇ ಫೇಸ್. ಒಂದು ಕೇಬಲ್ ಬದಲಿಸಿದರೂ ಅದು ತಪ್ಪುತ್ತದೆ. ಮತ್ತೆ ಅಳೆದು ಸರಿಪಡಿಸಬೇಕು. ಇದನ್ನೇ ಕ್ಯಾಲಿಬ್ರೇಶನ್ ಎನ್ನುತ್ತೇವೆ.

ಒಂದು ಮಧ್ಯಾಹ್ನ ಅಲ್ಲಿ ನೀರು ಹೊಕ್ಕಿದ್ದ ಎರಡು ಕೇಬಲ್ ಬದಲಿಸಿದೆವು. ಅಳೆಯಲು ಮುಕ್ಕಾಲು ಗಂಟೆ ಬೇಕಿತ್ತು. ಅತ್ತ ನಾಗಣಸೂರಿನ ಟವರು ಬಂದ್ ಆಗಿ, ಆಫೀಸಿನಿಂದ ಕರೆಯ ಮೇಲೆ ಕರೆ. ಹಳೆಯ ಅಳತೆಗಳನ್ನೇ ತುಂಬಿ ‘ಕ್ಯಾಲಿಬ್ರೇಶನ್ ಆಗಿದೆ’ ಎಂದು ಸಹಿ ಹಾಕಿದೆ.

ವಾರದೊಳಗೆ ಆ ಟವರಿನ ಕಡೆಯ ಶಿವಲಿಂಗಪ್ಪ ಎಂಬ ರೈತರು ಬಸ್ಸು ಹಿಡಿದು ಆಫೀಸಿಗೇ ಬಂದರು. “ಸಾಹೇಬ್ರ, ಊರಾಗ ರೇಂಜ್ ಸಿಗತೈತಿ. ನಮ್ಮ ಹೊಲದಾಗಿನ ವಸ್ತಿ ಮನ್ಯಾಗ ಫೋನ್ ಹತ್ತವಲ್ದು. ಮೊದಲ ಹಿಂಗ ಇರಲಿಲ್ಲರಿ,” ಎಂದರು. ಕಂಪ್ಯೂಟರ್ ಪರದೆಯಲ್ಲಿ ಎಲ್ಲ ಹಸಿರಾಗಿತ್ತು. ಹ್ಯಾಂಡ್‌ಸೆಟ್ ಹಳೆಯದಾಗಿದೆ ಎಂದು ಹೇಳಿ ಕಳಿಸಿದೆ. ಆಮೇಲೆ ಅವರು ಊರೊಳಗಿನಿಂದ ಎರಡು ಸಲ ಫೋನ್ ಮಾಡಿದಾಗಲೂ ಅದೇ ಉತ್ತರ. ಆ ಎರಡು ಕೇಬಲ್ ನನಗೆ ನೆನಪಾಗಲಿಲ್ಲವೆಂದರೆ ಸುಳ್ಳಾದೀತು.

ಎರಡನೆಯ ಕರೆಯ ಮರುದಿನ ಅವರ ಹೆಂಡತಿ ಗುರುಬಾಯಿಯವರ ಬಲಗೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತು. ವಸ್ತಿಯಿಂದ 108 ಆಂಬುಲೆನ್ಸಿಗೆ ಕರೆ ಹೋಗಲಿಲ್ಲ. ಶಿವಲಿಂಗಪ್ಪ ಊರಿಗೆ ಓಡಿ ಗಾಡಿ ತರುವಷ್ಟರಲ್ಲಿ ಬಹಳ ರಕ್ತ ಹೋಗಿತ್ತು. ಜೀವ ಉಳಿಯಿತು, ಮೂರು ಬೆರಳು ಹೋದವು. ಬೇಗ ಬಂದಿದ್ದರೆ ಬೆರಳು ಉಳಿಯುತ್ತಿದ್ದವೇ ಎಂಬುದಕ್ಕೆ ಡಾಕ್ಟರರು ಖಚಿತ ಉತ್ತರ ಕೊಡಲಿಲ್ಲವಂತೆ.

ಊರಿನ ಪಂಚಾಯಿತಿ ಮುಖ್ಯಸ್ಥರಾದ ಸರಪಂಚರಿಂದ ಸುದ್ದಿ ತಿಳಿದ ಕೂಡಲೇ ಟವರಿಗೆ ಹೋಗಿ ಅಳೆದೆ. ಎರಡು ಸಾಲುಗಳ ಫೇಸ್ ಬಹಳ ತಪ್ಪಿತ್ತು. ಸಿಗ್ನಲ್ ಆ ವಸ್ತಿಯತ್ತ ತಿರುಗುತ್ತಲೇ ಇರಲಿಲ್ಲ. ಸರಿಪಡಿಸಿದೆ. ವರದಿಯಲ್ಲಿ ಮಾತ್ರ ‘ಕೇಬಲ್ ದೋಷ’ ಎಂದು ಬರೆದೆ.

ಮೂರನೆಯ ದಿನ ಅವರ ವಸ್ತಿಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಬ್ಯಾಂಡೇಜ್ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಗುರುಬಾಯಿಯವರು ಗಂಡನತ್ತ ನೋಡಿ ಹೇಳಿದರು: “ತಪ್ಪು ಯಾರ ಕಡಿಂದನೂ ಆಗ್ತಾವರಿ. ಇವರು ಮೂರು ಸಲ ಹೇಳ್ಯಾರ. ಒಂದ ಸಲ ಬಂದು ನೋಡಾಕ ನಿಮಗ ಏನಾಗಿತ್ತರಿ?”

ಸೊಲ್ಲಾಪುರಕ್ಕೆ ಮರಳಿ ವರದಿಯನ್ನು ತಿದ್ದಿ, ಅಳೆಯದೆ ಸಹಿ ಹಾಕಿದ್ದು ನಾನೇ ಎಂದು ನನ್ನ ಹೆಸರು ಹಾಕಿ ಕೊಟ್ಟೆ. ಬಡ್ತಿ ನಿಂತಿತು, ಅದರಿಂದ ಮನಸ್ಸೇನೂ ಹಗುರಾಗಲಿಲ್ಲ.

ಯಂತ್ರ ಸರಿಯಿದೆ ಎನ್ನುವ ಮೊದಲು, ಸರಿಯಿಲ್ಲ ಎಂದವರು ನಿಂತ ಜಾಗದಲ್ಲಿ ನಾವು ಹೋಗಿ ನಿಲ್ಲಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಕಲಿಸಿದ ಪೆಟ್ಟು ಮಾತ್ರ ಬಿದ್ದದ್ದು ಬೇರೆಯವರಿಗೆ.