ಬಸಿದ ನೀರು

ತನುಜ ಎಂ.ಎಸ್ಸಿ. ಸೇರಿದಾಗ ಊರಿನವರಿಗೆ ಅದೊಂದು ತಮಾಷೆಯಾಗಿತ್ತು. ಡಾಕ್ಟರಿಕೆಯಲ್ಲ, ಇಂಜಿನಿಯರಿಕೆಯಲ್ಲ, ಆಹಾರ ಮತ್ತು ಪೋಷಣೆ ಅಂತೆ. "ಉಣ್ಣೋದು ಕಲಿಯಕ್ಕೆ ಬೆಂಗಳೂರಿಗೆ ಯಾಕಮ್ಮ ಹೋಗ್ತೀಯ, ನಮ್ಮನೆಗೆ ಬಾ, ನಾನೇ ಕಲಿಸ್ಕೊಡ್ತೀನಿ" ಎಂದು ಹಾಲಿನ ಡೇರಿಯ ಮುಂದೆ ಕೂತವರು ಹಲ್ಲು ಕಿರಿಯುತ್ತಿದ್ದರು. ಪೆರೇಸಂದ್ರದಿಂದ ಒಳಕ್ಕೆ ಮೂರು ಕಿಲೋಮೀಟರ್ ಹೋದರೆ ಸಿಗುವ ಆ ಊರಿನಲ್ಲಿ ನಗುವುದಕ್ಕೆ ಬೇರೆ ವಿಷಯಗಳು ಕಡಿಮೆ. ಈಗ ಅದೇ ಜನ ಶುಗರು ಬಂತು, ಬಿಪಿ ಬಂತು ಎಂದರೆ ಅವಳ ನಂಬರು ಹುಡುಕಿಕೊಂಡು ಬರುತ್ತಾರೆ.

ಓದು ಮುಗಿದ ಮೇಲೆ ತನುಜಳಿಗೆ ಚಿಕ್ಕಬಳ್ಳಾಪುರದ ಒಂದು ಡಯಾಲಿಸಿಸ್ ಘಟಕದಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಬರುವ ರೋಗಿಗಳಿಗೆ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವುದು ಅವಳ ಕೆಲಸ. ರೋಗಿಗಳ ಕೈಗೆ ಕೊಡುವ ಪಥ್ಯದ ಹಾಳೆಯನ್ನು ಬರೆದವಳೂ ಅವಳೇ. ಆ ಹಾಳೆಯ ಒಂಬತ್ತನೆಯ ಸಾಲನ್ನು ತನ್ನ ತಾಯಿ ಮಾತ್ರ ಯಾವತ್ತೂ ಓದಬಾರದು ಎಂಬುದು ಅವಳ ಜೀವದ ಭಯ. ದಿನಾ ಸಂಜೆ ಬಸ್ಸು ಇಳಿಯುವ ಮುಂಚೆ ಬ್ಯಾಗು ತಡಕಿ, ಒಂದು ಪ್ರತಿಯೂ ಒಳಗೆ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಅವಳು ಮನೆಯ ದಾರಿ ಹಿಡಿಯುತ್ತಿದ್ದಳು.

ತಾಯಿ ಅಕ್ಕಯಮ್ಮ ಅಂಗನವಾಡಿಯ ಸಹಾಯಕಿ. ಇಪ್ಪತ್ತೆರಡು ವರ್ಷದಿಂದ ಊರಿನ ಮಕ್ಕಳಿಗೆ ಅನ್ನ ಬೇಯಿಸಿದ ಕೈ ಅದು. ಮೊದಮೊದಲು ಮೇಲಿನ ಬೀದಿಯವರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದರು, ಈ ಕೈಯ ಅನ್ನ ತಮ್ಮ ಮಕ್ಕಳ ಬಾಯಿಗೆ ಬೀಳಬಾರದೆಂದು. ಆಮೇಲೆ ಮಕ್ಕಳೇ ಡಬ್ಬಿ ಮುಚ್ಚಿಟ್ಟು ಸಾಲಿನಲ್ಲಿ ಕೂರತೊಡಗಿದವು. ಅಕ್ಕಯಮ್ಮ ಏಳನೇ ಕ್ಲಾಸು ಓದಿದವಳು. ಇಲಾಖೆಯಿಂದ ಬಂದ ಬಣ್ಣದ ಚಾರ್ಟನ್ನು ಗೋಡೆಗೆ ಅಂಟಿಸಿ ತಾಯಂದಿರ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು: "ಸೊಪ್ಪು ತರಕಾರಿ ಬೇಯಿಸಿದ ನೀರು ಚೆಲ್ಲಬೇಡ್ರಮ್ಮಾ, ಸತ್ವ ಎಲ್ಲಾ ಅದರಲ್ಲೇ ಇರೋದು." ಆ ಸಭೆಯಲ್ಲಿ ತಾಯಿಯ ಸೆರಗು ಹಿಡಿದು ಕೂತಿದ್ದ ತನುಜ ಪೋಷಣೆಯ ಮೊದಲ ಪಾಠ ಕಲಿತದ್ದು ಅಲ್ಲೇ. ಅದರ ಮೇಲಿನ ಆಸೆ ಹುಟ್ಟಿದ್ದೂ ಅಲ್ಲೇ.

ಆ ಮಾತನ್ನು ಚಾರ್ಟು ಬಂದು ಹೇಳಿಕೊಡಬೇಕಾಗಿಯೂ ಇರಲಿಲ್ಲ. ಈ ಸೀಮೆಯಲ್ಲಿ ಹುರುಳಿಕಾಯಿಯೋ ದಂಟಿನ ಸೊಪ್ಪೋ ಬೇಳೆಯ ಜೊತೆ ಬೆಂದರೆ, ಬೆಂದದ್ದು ಪಲ್ಯವಾಗುತ್ತದೆ, ಬಸಿದ ನೀರು ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹುಳಿ ಸೇರಿ ಬಸ್ಸಾರಾಗುತ್ತದೆ. ಆ ನೀರಿಗೆ ಕಟ್ಟು ಎನ್ನುತ್ತಾರೆ. ಕಟ್ಟನ್ನು ಚರಂಡಿಗೆ ಸುರಿದ ಸೊಸೆಯನ್ನು ಅತ್ತೆ ತವರಿಗೆ ಕಳಿಸಿದರೂ ಊರು ಅತ್ತೆಯ ಕಡೆಗೇ ನಿಲ್ಲುತ್ತದೆ.

ತನುಜಳ ಅಪ್ಪ ಬಯ್ಯಪ್ಪ ಪಂಚಾಯಿತಿಯ ನೀರುಗಂಟಿ. ಬೆಳಗ್ಗೆ ಮೋಟರು ಹಾಕಿ, ಯಾವ ಬೀದಿಗೆ ಯಾವಾಗ ವಾಲ್ವು ತಿರುಗಿಸಬೇಕೋ ತಿರುಗಿಸಿ, ಎಲ್ಲರ ಬೈಗುಳ ತಿಂದು ಮನೆಗೆ ಬರುವ ಮನುಷ್ಯ. ಬಿಪಿ ಇದೆ ಎಂದು ಗೊತ್ತಿದ್ದರೂ ಮಾತ್ರೆ ನುಂಗಲಿಲ್ಲ, ತಲೆ ನೋಯದೆ ಮಾತ್ರೆ ಯಾಕೆ ಎಂಬುದು ಅವನ ವಾದ. ತನುಜ ಎಂ.ಎಸ್ಸಿ. ಮೊದಲ ವರ್ಷದಲ್ಲಿದ್ದಾಗ ಅವನ ಕಾಲು ಊದಿತು, ಮುಖ ಊದಿತು. ಎರಡು ಕಿಡ್ನಿಯೂ ಕೈಕೊಟ್ಟಿವೆ ಎಂದರು ಡಾಕ್ಟರು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್ ಶುರುವಾಯಿತು. ಇಡೀ ಊರಿಗೆ ನೀರು ಬಿಟ್ಟವನಿಗೆ ದಿನಕ್ಕೆ ಒಂದು ಲೀಟರ್ ಮೀರಿ ಕುಡಿಯುವಂತಿಲ್ಲ ಎಂಬ ಕಟ್ಟಳೆ ಬಂತು.

ಪಥ್ಯವನ್ನು ತಾನೇ ಬರೆಯುತ್ತೇನೆ ಎಂದಳು ತನುಜ. ಬರೆಯದೆ ಇರುವುದು ಹೇಗೆ? ಓದುತ್ತಿರುವುದೇ ಅದು. ಕಿಡ್ನಿ ಕೆಟ್ಟವರ ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಗುಂಡಿಗೆ ಹೇಳದೆ ಕೇಳದೆ ನಿಂತುಬಿಡುತ್ತದೆ. ಅದು ಇರುವುದು ತರಕಾರಿಯಲ್ಲಿ, ಸೊಪ್ಪಿನಲ್ಲಿ, ಹಣ್ಣಿನಲ್ಲಿ. ಹೆಚ್ಚು ನೀರಿನಲ್ಲಿ ಬೇಯಿಸಿದರೆ ಬಹುಪಾಲು ನೀರಿಗೆ ಇಳಿಯುತ್ತದೆ. ಹಾಸ್ಟೆಲಿನ ಮಂಚದ ಮೇಲೆ ಕೂತು ಪುಸ್ತಕ ತೆರೆದಿಟ್ಟುಕೊಂಡು, ಅಮ್ಮನಿಗೆ ಅರ್ಥವಾಗುವ ಕನ್ನಡದಲ್ಲಿ, ದುಂಡು ಅಕ್ಷರದಲ್ಲಿ ಅವಳು ಒಂದು ಹಾಳೆ ಬರೆದಳು. ಎಳನೀರು ಬೇಡ. ಬಾಳೆಹಣ್ಣು ಬೇಡ. ಮುದ್ದೆ ಬೇಡ, ಅನ್ನ ಸಾಕು. ತರಕಾರಿ ಸಣ್ಣಗೆ ಹೆಚ್ಚಿ, ತುಂಬಾ ನೀರಲ್ಲಿ ಬೇಯಿಸಿ, ಚೆನ್ನಾಗಿ ಬಸಿದು ಕೊಡು. ಬಸಿದ ನೀರನ್ನು ಚೆಲ್ಲಬೇಕೆಂದು ಪುಸ್ತಕದಲ್ಲಿ ಬೇರೆಯಾಗಿ ಇತ್ತು. ಅದನ್ನು ಅವಳು ಬರೆಯಲಿಲ್ಲ. ಮರೆತಿರಲಿಲ್ಲ, ಬರೆಯಬೇಕು ಅನಿಸಲಿಲ್ಲ, ಅಷ್ಟೇ. ಐದು ವರ್ಷ ಹಾಸ್ಟೆಲಿನ ಸಾಂಬಾರು ತಿಂದವಳ ತಲೆಗೆ ತನ್ನ ಮನೆಯ ಒಲೆ ಆ ಹೊತ್ತಿನಲ್ಲಿ ಬರಲಿಲ್ಲ.

ಅಕ್ಕಯಮ್ಮ ಆ ಹಾಳೆಯನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು. ಒಂದಕ್ಷರ ಮೀರಲಿಲ್ಲ. ಆದರೂ ಬಯ್ಯಪ್ಪನ ಪೊಟ್ಯಾಶಿಯಂ ಇಳಿಯಲಿಲ್ಲ. ಐದರ ಆಸುಪಾಸಿನಲ್ಲಿ ಇರಬೇಕಾದದ್ದು ಐದೂ ಮುಕ್ಕಾಲು ಬಂತು, ಆರು ಬಂತು, ಇನ್ನೊಂದು ತಿಂಗಳಿಗೆ ಆರೂವರೆ. "ಏನು ತಿಂತಿದ್ದೀರಿ ಯಜಮಾನ್ರೇ?" ಎಂದು ಡಾಕ್ಟರು ಗದರಿದರು. "ಮಗಳು ಬರ್ದಿರೋದೇ ತಿಂತಿದ್ದೀನಿ ಸಾರ್" ಎಂದ ಬಯ್ಯಪ್ಪ.

ತನುಜ ಅಪ್ಪನನ್ನು ನಂಬಲಿಲ್ಲ. ಪೆರೇಸಂದ್ರದ ಬಸ್‌ಸ್ಟಾಪಿನಲ್ಲಿ ಎಳನೀರು ಗಾಡಿ ನಿಲ್ಲುವುದು ಅವಳಿಗೆ ಗೊತ್ತಿತ್ತು. ಯುಗಾದಿಗೆ ಬಂದವಳು ಅಪ್ಪನನ್ನು ಜಗಲಿಯಲ್ಲಿ ಕೂರಿಸಿಕೊಂಡು ಕಳ್ಳನನ್ನು ವಿಚಾರಿಸುವ ಹಾಗೆ ವಿಚಾರಿಸಿದಳು.

"ನಿಜ ಹೇಳಪ್ಪ. ಎಳನೀರು ಕುಡೀತಿದ್ದೀಯ ತಾನೇ?"

"ಇಲ್ಲ ಕಣಮ್ಮ."

"ಸುಳ್ಳು ಹೇಳ್ಬೇಡ. ರಿಪೋರ್ಟು ಸುಳ್ಳು ಹೇಳಲ್ಲ. ನೀನು ಸತ್ರೆ ಅಮ್ಮನ ಗತಿ ಏನು?"

ಬಯ್ಯಪ್ಪ ಮಗಳ ಮುಖ ನೋಡಿದ. ಆಮೇಲೆ ಅಂಗಳದ ಕಡೆ ತಿರುಗಿ, "ಇನ್ಮೇಲೆ ಹುಷಾರಾಗಿರ್ತೀನಿ ಬಿಡು ತಾಯಿ" ಎಂದ. ಮಾಡದ ತಪ್ಪನ್ನು ಅವನು ಒಪ್ಪಿಕೊಂಡದ್ದು ಮಗಳ ಓದು ಸುಳ್ಳಾಗಬಾರದು ಎಂದೇ ಇರಬೇಕು. ಆ ಮುಖ ತನುಜಳನ್ನು ಇವತ್ತಿಗೂ ಬಿಟ್ಟಿಲ್ಲ.

ಶ್ರಾವಣದ ಒಂದು ಮಂಗಳವಾರ ಬೆಳಗ್ಗೆ, ಡಯಾಲಿಸಿಸ್‌ಗೆ ಹೊರಟು ಬಸ್ಸಿಗೆ ಕಾಯುತ್ತಿದ್ದ ಬಯ್ಯಪ್ಪ ಸ್ಟಾಪಿನ ಕಲ್ಲಿನ ಮೇಲೆ ಕೂತವನು ಕೂತ ಹಾಗೇ ಪಕ್ಕಕ್ಕೆ ಒರಗಿದ. ಜನ ಎತ್ತಿ ಆಟೋಗೆ ಹಾಕುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬುದ್ಧ ವಿಹಾರದ ಭಂತೇಜಿ ಬಂದು ಪಂಚಶೀಲ ಹೇಳಿ ಹೋದರು, ನೆಂಟರೂ ಚದುರಿದರು. ಅದಾದ ನಾಲ್ಕನೆಯ ದಿನ ಅಕ್ಕಯಮ್ಮ ಒಲೆ ಹಚ್ಚಿ ಹುರುಳಿಕಾಯಿ ಬೇಯಿಸಿದಳು. ತನುಜ ಬಾಗಿಲಿಗೆ ಒರಗಿ ಕೂತಿದ್ದಳು. ಅಕ್ಕಯಮ್ಮ ತಟ್ಟೆ ಅಡ್ಡ ಹಿಡಿದು ಕಟ್ಟನ್ನು ಬಸಿದು ಬೇರೆ ಪಾತ್ರೆಗೆ ಎತ್ತಿಟ್ಟಳು.

"ನಿಮ್ಮಪ್ಪಂಗೂ ಹಿಂಗೇ ಮಾಡ್ತಿದ್ದೆ ಕಣಮ್ಮ. ನೀನು ಹೇಳ್ದಂಗೆ ಬಸಿದು ಬಸಿದು ಬರೀ ಸಿಪ್ಪೆ ಆಗೋಗಿರ್ತಿತ್ತು ಪಲ್ಯ, ಪಾಪ. ಮುದ್ದೆನೂ ಇಲ್ಲ. ಶಕ್ತಿ ಎಲ್ಲಿಂದ ಬರ್ಬೇಕು? ಅದಕ್ಕೇ ಕಟ್ಟು ಒಂದು ತೊಟ್ಟೂ ವೇಸ್ಟ್ ಮಾಡ್ದೆ ಸಾರು ಮಾಡಿ ಅನ್ನಕ್ಕೆ ಹಾಕ್ತಿದ್ದೆ."

ತನುಜಳಿಗೆ ಈಗ ಹೊಳೆಯಿತು. ತರಕಾರಿಯಿಂದ ಇಳಿಸಿದ್ದನ್ನೆಲ್ಲ ಹನ್ನೊಂದು ತಿಂಗಳು ಗಟ್ಟಿ ಮಾಡಿ ಅಪ್ಪನ ತಟ್ಟೆಗೇ ಬಡಿಸಿದಂತಾಗಿತ್ತು. ಬಡಿಸಿದ್ದು ಅಮ್ಮ. ಆದರೆ ಅದಕ್ಕೆ ಕಾರಣ, ತಾನು ಬರೆಯದೆ ಬಿಟ್ಟ ಒಂದು ಸಾಲು. ಬಾಯಿ ತೆರೆದರೆ ಎದುರಿಗಿರುವ ಇನ್ನೊಂದು ಜೀವವೂ ಹೋಗುತ್ತದೆ ಅನಿಸಿತು. ಅಮ್ಮ ಬಡಿಸಿದ ಬಸ್ಸಾರನ್ನು ತಲೆ ತಗ್ಗಿಸಿ ಉಂಡಳು.

ಪರೀಕ್ಷೆ ಬರೆದಳು, ಪ್ರಬಂಧ ಒಪ್ಪಿಸಿದಳು. ಗೈಡ್ ಶಿರೀಷಾ ಮೇಡಂ ಬೆನ್ನು ತಟ್ಟಿದರು. ಕೆಲಸಕ್ಕೆ ಸೇರಿದ ಮೊದಲ ವಾರವೇ ಬಂದ ಹೆಂಗಸರನ್ನೆಲ್ಲ ತನುಜ ಒಂದೇ ಪ್ರಶ್ನೆ ಕೇಳಿದಳು: ತರಕಾರಿ ಬಸಿದ ನೀರು ಏನ್ಮಾಡ್ತೀರಮ್ಮಾ? ಶಿಡ್ಲಘಟ್ಟದವಳೂ, ತೊಂಡೇಬಾವಿಯವಳೂ, ಕೈವಾರದಿಂದ ಬಂದವಳೂ ಅದೇನು ಪ್ರಶ್ನೆ ಎಂಬಂತೆ ಅವಳನ್ನು ನೋಡಿದರು. "ಸಾರು ಮಾಡ್ತೀವಿ, ಇನ್ನೇನು ಮಾಡ್ತಾರೆ?" ಅವತ್ತೇ ಅವಳು ಹೊಸ ಹಾಳೆ ಬರೆದಳು. ಒಂಬತ್ತನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದಳು: "ಬಸಿದ ನೀರನ್ನು ಚೆಲ್ಲಿಬಿಡಿ. ಅದರಿಂದ ಬಸ್ಸಾರು ಮಾಡಿ ರೋಗಿಗೆ ಕೊಟ್ಟರೆ ಪ್ರಾಣಕ್ಕೆ ಅಪಾಯ."

ಹೀಗೆ ಎರಡು ವರ್ಷ ನಡೆಯಿತು. ಮೊನ್ನೆ ಮಾಘದಲ್ಲಿ ಊರಿನ ಮೇಲಿನ ಬೀದಿಯ ರಾಮಾಂಜಿನಪ್ಪನನ್ನು ಮಗ ಮೋಹನ್‌ಬಾಬು ಘಟಕಕ್ಕೆ ಕರೆತಂದ. ರಾಮಾಂಜಿನಪ್ಪನಿಗೂ ಬಯ್ಯಪ್ಪನದೇ ಕಾಯಿಲೆ. ಹಾಳೆ ಕೊಡಲು ಹೋದ ತನುಜಳ ಕೈ ತಡೆಯಿತು. ಇದು ತಮ್ಮ ಊರಿಗೇ ಹೋಗುವ ಹಾಳೆ. ಆ ಸಾಲನ್ನು ಪೆನ್ನಿನಿಂದ ಹೊಡೆದು ಬಾಯಲ್ಲಿ ಹೇಳಿದರಾಯಿತು ಎಂದುಕೊಂಡಳು. ಮೋಹನ್‌ಬಾಬು ಆಗಲೇ ಮೊಬೈಲು ಒತ್ತುತ್ತಿದ್ದ. ಇವನಿಗೆ ಹೇಳಿದರೆ ಅಡುಗೆಮನೆಗೆ ಮುಟ್ಟುವುದಿಲ್ಲ. ತನುಜ ಹಾಳೆಯನ್ನು ಇದ್ದ ಹಾಗೇ ಕೊಟ್ಟಳು.

ಭಾನುವಾರ ಹನ್ನೊಂದರ ಹೊತ್ತಿಗೆ ತನುಜ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಮುಂಬಾಗಿಲಲ್ಲಿ ರಾಮಾಂಜಿನಪ್ಪನ ಹೆಂಡತಿ ಓಬಳಮ್ಮನ ದನಿ ಕೇಳಿಸಿತು. ಜೀವಮಾನದಲ್ಲಿ ಈ ಬೀದಿಗೆ ಕಾಲಿಡದವಳು.

"ಅಕ್ಕಯಮ್ಮಾ, ನೀನು ಗಂಡನ್ನ ನೋಡ್ಕೊಂಡೋಳು, ನಿಂಗೆಲ್ಲಾ ಗೊತ್ತು. ನಿನ್ನ ಮಗಳು ಏನೋ ಬರ್ದು ಕೊಟ್ಟವ್ಳೆ. ನಂಗೆ ಓದಕ್ಕೆ ಬರಲ್ಲ, ಮಗ ನಿಂತ ಕಡೆ ನಿಲ್ಲಲ್ಲ. ಒಸಿ ಓದಿ ಹೇಳಮ್ಮ."

ತನುಜ ಒದ್ದೆ ಸೀರೆ ಕೈಯಲ್ಲೇ ಹಿಡಿದು ಒಳಗೆ ಓಡಿದಳು. ಅಷ್ಟರಲ್ಲಿ ಅಕ್ಕಯಮ್ಮ ಜಗಲಿಯಲ್ಲಿ ಕೂತು, ಕನ್ನಡಕ ಏರಿಸಿ, ಸಭೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದತೊಡಗಿದ್ದಳು. ಎಳನೀರು ಬೇಡ. ಬಾಳೆಹಣ್ಣು ಬೇಡ. ಒಂದೊಂದಕ್ಕೂ ನಿಲ್ಲಿಸಿ ಓಬಳಮ್ಮನಿಗೆ ಬಿಡಿಸಿ ಹೇಳುತ್ತಿದ್ದಳು. ತನುಜ ಬಾಗಿಲಲ್ಲೇ ನಿಂತುಬಿಟ್ಟಳು.

ಒಂಬತ್ತನೆಯ ಸಾಲನ್ನು ಅಕ್ಕಯಮ್ಮ ಅರ್ಧ ಓದಿದಳು. ಉಳಿದರ್ಧವನ್ನು ಕಣ್ಣಲ್ಲೇ ಓದಿಕೊಂಡಳು. ಬೆರಳು ಆ ಸಾಲಿನ ಕೆಳಗೇ ಉಳಿಯಿತು.

"ಏನಂತೆ?" ಎಂದಳು ಓಬಳಮ್ಮ.

"ಕಟ್ಟು ಚೆಲ್ಬೇಕಂತೆ ಓಬಳಮ್ಮನೋರೇ. ಬಸ್ಸಾರು ಮಾಡಿ ಕೊಡ್ಬಾರ್ದಂತೆ. ಪ್ರಾಣಕ್ಕೆ ಅಪಾಯ ಅಂತೆ." ದನಿ ನಡುಗಲಿಲ್ಲ.

"ಅಯ್ಯೋ ದೇವುಡಾ! ಕಟ್ಟು ಯಾರಾನಾ ಚೆಲ್ತಾರೇನಮ್ಮ? ನೀನು ಚೆಲ್ತಿದ್ಯಾ?"

"ಚೆಲ್ತಿದ್ದೆ" ಎಂದಳು ಅಕ್ಕಯಮ್ಮ. "ನೀವೂ ಚೆಲ್ಲಿ. ಮರೀಬೇಡಿ. ದಿನಾ ಚೆಲ್ಲಿ."

ಓಬಳಮ್ಮ ಹಾಳೆ ಮಡಿಸಿಕೊಂಡು ಹೋದಳು. ಅಕ್ಕಯಮ್ಮ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ತನುಜ ಬಂದು ಕಾಲ ಬಳಿ ಕುಸಿದು ಕೂತಳು. "ತಪ್ಪು ನಂದಮ್ಮ. ನಾನು ಬರೀಲಿಲ್ಲ. ಬರೀಬೇಕಾಗಿತ್ತು, ಬರೀಲಿಲ್ಲ. ನಿಂದೇನೂ ಇಲ್ಲಮ್ಮ" ಎಂದು ಅದನ್ನೇ ಅದನ್ನೇ ಹೇಳಿ ಅತ್ತಳು.

ಅಕ್ಕಯಮ್ಮನ ಕಣ್ಣಲ್ಲಿ ನೀರಿರಲಿಲ್ಲ. ಮಗಳು ಹೇಳಿದ್ದು ಕಿವಿಗೆ ಬಿದ್ದಿತೋ ಇಲ್ಲವೋ. ಕೊನೆಗೆ ಹೇಳಿದಳು:

"ಹೋಗೋ ಹಿಂದಿನ ದಿನ, ಸೋಮವಾರ, ನಿಮ್ಮಪ್ಪ ಸಾಕು ಅಂದ್ರು ಕಣೇ. ಎದೆ ಭಾರ, ಬೇಡ ಅಂತ ಕೈ ಅಡ್ಡ ಹಿಡಿದ್ರು. ಮಗಳು ತಿನ್ನು ಅಂದವ್ಳೆ, ತಿನ್ನಿ ಅಂತ ಆ ಕೈ ಸರಿಸಿ ನಾನೇ ಇನ್ನೊಂದು ಸೌಟು ಸಾರು ಹಾಕ್ದೆ."