ಪವಿತ್ರನ್ ಮಾಷ್ ಅವರ ಒಳ್ಳೆಯ ತಪ್ಪುಗಳು

ಕೇರಳದ ಪಯ್ಯನ್ನೂರಿನ ನಮ್ಮ ಶಾಲೆಯಲ್ಲಿ ಗಣಿತಕ್ಕೆ ನಾವಿಬ್ಬರು: ಒಂಬತ್ತನೇ ‘ಎ’ಗೆ ಬ್ಲಾಗು ಬರೆಯುವ ಮೇಷ್ಟ್ರು ಪವಿತ್ರನ್ ಮಾಷ್, ‘ಬಿ’ಗೆ ಏನೂ ಬರೆಯದ ನಾನು. ಮಾಷ್ ಮುಂಡುಪಂಚೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಪರಿಪ್ಪುವಡೆ ಎಂಬ ಬೇಳೆವಡೆ, ಇನ್ನೊಂದರಲ್ಲಿ ಫೋನು ಹಿಡಿದು ಕರಿಹಲಗೆಯ ಚಿತ್ರ ತೆಗೆಯುತ್ತಾರೆ; ಎಣ್ಣೆ ಮೆತ್ತಿದ ಆ ಫೋನಿನಲ್ಲಿ ತ್ರಿಕೋನಗಳೆಲ್ಲ ಮಂಜಿನಲ್ಲಿ ಮುಳುಗಿದಂತೆ ಕಾಣುತ್ತವೆ. ಆದರೂ ಮಕ್ಕಳು ಆ ಬ್ಲಾಗನ್ನೇ ಓದುತ್ತಾರೆ, ನನ್ನ ‘ಬಿ’ಯವರೂ ಸಹ. ದಿನವೂ ತರಗತಿಯ ಒಂದು ತಪ್ಪು ಲೆಕ್ಕವನ್ನು ಆರಿಸಿ ‘ಇಂದಿನ ಒಳ್ಳೆಯ ತಪ್ಪು’ ಎಂದು ಬ್ಲಾಗಿಗೆ ಏರಿಸುವುದು ಅವರ ಪದ್ಧತಿ. ಎಲ್ಲಿ ಎಡವಿದ್ದೆಂದು ಕೆಳಗೆ ಮಕ್ಕಳೇ ಬರೆದು ಜಗಳವಾಡಬೇಕು. ‘ಮಾಷೇ, ನಂದು ಯಾವಾಗ ಹಾಕ್ತೀರಿ?’ ಎಂದು ಹುಡುಗಿಯರು ಮುನಿಸಿಕೊಂಡರೆ, ‘ನಿನ್ ತಪ್ಪಲ್ಲಿ ಇನ್ನೂ ದಮ್ಮಿಲ್ಲ ಮೋಳೇ, ಚೆನ್ನಾಗಿ ಯೋಚ್ನೆ ಮಾಡಿ ತಪ್ಪು ಮಾಡು’ ಎನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ನನ್ನನ್ನೂ ಬಿಡುವುದಿಲ್ಲ: ‘ಟೀಚರೇ, ನಿಮ್ ಕ್ಲಾಸಿಂದೂ ಒಂದ್ ತಪ್ಪು ಕೊಡಿ.’ ‘ನನ್ ಕ್ಲಾಸಲ್ಲಿ ತಪ್ಪು ಸಿಗಲ್ಲ ಮಾಷೇ, ಬೇರೆ ಅಂಗಡಿ ನೋಡ್ಕೊಳ್ಳಿ’ ಎನ್ನುತ್ತೇನೆ ನಾನು. ಮೊನ್ನೆ ಆ ಬ್ಲಾಗನ್ನು ಕದ್ದು ನೋಡಿದೆ. ಒಳ್ಳೆಯ ತಪ್ಪಿನ ಜಾಗದಲ್ಲಿ ಮಾಷ್ ಅವರದೇ ಅಕ್ಷರ! ಹಲಗೆಯ ಮೇಲೆ ಅವರು ಎಡವಿದ್ದನ್ನು ಹಿಂದಿನ ಬೆಂಚಿನ ರಂಸೀನಾ ಹಿಡಿದುಬಿಟ್ಟಿದ್ದಳು. ಕೆಳಗೆ ಇಡೀ ತರಗತಿ ಕೇಕೆ ಹಾಕಿತ್ತು, ಮಾಷ್ ‘ಸಿಕ್ಕಿಬಿದ್ದೆ’ ಎಂದು ಬರೆದುಕೊಂಡಿದ್ದರು. ನನ್ನ ಹೊಟ್ಟೆ ಧಗಧಗ ಉರಿಯಿತು. ಹಲಗೆಯ ಮೇಲೆ ನಾನೂ ಎಷ್ಟೋ ಸಲ ತಪ್ಪಿದ್ದೇನೆ. ನನ್ನ ಮಕ್ಕಳು ಒಂದು ಮಾತೂ ಆಡದೆ, ಅದನ್ನು ಅಚ್ಚುಕಟ್ಟಾಗಿ ಬರೆದುಕೊಂಡಿದ್ದಾರೆ.